ಕಾರು ಮಸುಕು, ಕುಳ್ಳ ಸ್ಪಷ್ಟ

ನವೆಂಬರ್ 9, ಭಾನುವಾರ

ಘನತೆವೆತ್ತ ಛಾಯಾಗ್ರಾಹಕರಾದ ನಾವು ಇಂದು ರೇಸ್ ಟ್ರ್ಯಾಕಿನಲ್ಲಿ ನಾನೂರು ಚಿತ್ರ ತೆಗೆದೆವು. ನಾವು ಎಂದರೆ ನಾನೊಬ್ಬನೇ.

ಹೋದ ತಿಂಗಳು ಗೆಳೆಯ ಕುಳ್ಳನೂ ಕ್ಯಾಮೆರಾ ಹಿಡಿದು ಜೊತೆಗಿದ್ದ. ತಮಾಷೆಗೆಂದು ಅವನ ಲೆನ್ಸಿನ ಫೋಕಸ್ ಗುಂಡಿ ಸರಿಸಿಟ್ಟೆ. ಹಳದಿ ಕಾರಿನ ಕೊನೆಯ ಸುತ್ತು ಪೂರ್ತಿ ಮಸುಕಾಗಿ ಬಂತು. "ಅದಕ್ಕೇಂತ ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದೆ ಕಣೋ," ಎಂದ. ನಾನು ನಕ್ಕೆ. ಅಂದಿನಿಂದ ಮಾತಿಲ್ಲ.

ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಕಾರು ಸ್ಪಷ್ಟ, ಹಿಂದಿನದೆಲ್ಲ ಮಸುಕು. ಇಂದು ಒಂದು ಚಿತ್ರ ತೆಗೆಯುವಾಗ ಕ್ಯಾಮೆರಾ ತಿರುಗಿಸುತ್ತಿದ್ದ ನನ್ನ ಕೈ ನಡುವೆಯೇ ನಿಂತುಬಿಟ್ಟಿದೆ. ಕಾರು ಬರೀ ಹಳದಿ ಗೀರು. ಆಚೆ ಬೇಲಿಯ ಬಳಿ ಕುಳ್ಳ, ಹಲ್ಲು ಎಣಿಸುವಷ್ಟು ಸ್ಪಷ್ಟ. ಯಾರದೋ ಜೋಕಿಗೆ ನಗುತ್ತಿದ್ದಾನೆ.

ಸಂಜೆ ಲೆನ್ಸ್ ಹಿಂದಿರುಗಿಸುವಾಗ ಬಾಡಿಗೆ ಅಂಗಡಿಯಣ್ಣ ಕೇಳಿದ, "ಮುಂದಿನ ವಾರಕ್ಕೂ ಈ ಉದ್ದದ್ದೇ ಇಡ್ಲಾ?"

"ಬೇಡಣ್ಣ, ಚಿಕ್ಕದು ಕೊಡಿ."

"ಅದ್ರಲ್ಲಿ ಕಾರು ಇರುವೆ ಥರ ಕಾಣುತ್ತಲ್ಲೋ!"

ಕಾಣಲಿ. ಚಿಕ್ಕ ಲೆನ್ಸಾದರೆ ಹತ್ತಿರ ಹೋಗಲೇಬೇಕು, ಕುಳ್ಳನ ಬೇಲಿಯವರೆಗೆ. ಆದರೆ ನಾನು ಗಂಭೀರವಾಗಿ ಕ್ಷಮೆ ಕೇಳಿದರೆ ಅದನ್ನೂ ತಮಾಷೆ ಎಂದುಕೊಳ್ಳುತ್ತಾನೆ. ಈಗಷ್ಟೇ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಎರಡು ಸಲ ನಗು ಬಂತು. ಮೂರನೆಯ ಸಲ ಬರಲಿಲ್ಲ, ಆಮೇಲೆ ಅಭ್ಯಾಸ ಸಾಕು ಮಾಡಿದೆ; ಉಳಿದದ್ದು ಮುಂದಿನ ವಾರ, ಬೇಲಿಯ ಬಳಿ.