ಅತ್ತೆಯ ಚೆಂಡಿನ ಹೊಳಪು

ಮಾರ್ಚ್ 3, ಸೋಮವಾರ

ಡೆಂಟಲ್ ಲ್ಯಾಬ್‌ನಲ್ಲಿ ಕೃತಕ ಹಲ್ಲಿನ ಹನ್ನೊಂದು ಸೆಟ್ ಉಜ್ಜಿ ನಯ ಮಾಡಿದೆ. ಒಂದು ವಾಪಸ್ ಬಂದಿತ್ತು, ಒಸಡಿಗೆ ಚುಚ್ಚುತ್ತದಂತೆ. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರೂ ಕಂಡಿರಲಿಲ್ಲ. ಬೆರಳಾಡಿಸಿದೆ, ಚುಚ್ಚುವ ಜಾಗ ಸಿಕ್ಕಿತು.

ಸಂಜೆ ಅತ್ತೆಯನ್ನು ಬೌಲಿಂಗ್‌ಗೆ, ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟಕ್ಕೆ, ಕರೆದುಕೊಂಡು ಹೋದೆ. ಮಣಿಕಟ್ಟು ಮುರಿದ ಮೇಲೆ ಸ್ಕೂಟರ್ ಬಿಟ್ಟರು, ಚೆಂಡು ಬಿಡಲಿಲ್ಲ. ಪ್ಲಾಸ್ಟರ್ ತೆಗೆದು ಎರಡು ತಿಂಗಳಾಯಿತು. ಇವತ್ತು 118 ಅಂಕ. ಹಿಂದೆಲ್ಲ 170 ಬಂದರೂ ಕಡಿಮೆಯೆಂದು ಮುಖ ಗಂಟಿಕ್ಕಿಕೊಂಡು ಬರುತ್ತಿದ್ದವರು. ಚೆಂಡು ಬಲಕ್ಕೆ ಹೊರಟು ಕೊನೆಯಲ್ಲಿ ಎಡಕ್ಕೆ ತಿರುಗಬೇಕು... ತಿರುಗುವುದೇ ಇಲ್ಲ. ಅಂಚಿನ ಎರಡು ಪಿನ್ ಬೀಳಿಸಿ ಹೊರಟುಹೋಗುತ್ತದೆ.

ಕ್ಲಬ್ ಟೀಮಿನ ಕ್ಯಾಪ್ಟನ್ ಹತ್ತಿರ ಬಂದರು. "ಮೇಡಂ, ಇಪ್ಪತ್ತೆರಡಕ್ಕೆ ಟೀಮ್ ಆಯ್ಕೆ. ಮೂರು ಆಟ ಸೇರಿ 480 ಆಗ್ದಿದ್ರೆ ನಿಮ್ಮ ಜಾಗ ಬೇರೆಯವರಿಗೆ ಕೊಡಬೇಕಾಗುತ್ತೆ."

"ನಾನು ಆ ಜಾಗ ಬಿಟ್ಟು ಎದ್ದಾಗ ಕೊಡಿ," ಎಂದರು ಅತ್ತೆ.

ಕಾರಿನಲ್ಲಿ ಮನೆ ತಲುಪುವವರೆಗೂ ಚೆಂಡಿನ ಬ್ಯಾಗನ್ನು ತೊಡೆಯಿಂದ ಇಳಿಸಲಿಲ್ಲ.

ಮಾರ್ಚ್ 5, ಬುಧವಾರ

ಹಲಗೆ ಜೋಡಿಸಿದ ಚೆಂಡಿನ ದಾರಿಗೆ, ಅಂದರೆ ಲೇನ್‌ಗೆ, ಎಣ್ಣೆ ಹಾಕುವ ಮೆಕ್ಯಾನಿಕ್‌ನನ್ನು ಹಿಡಿದು ಕೇಳಿದೆ. ಲೇನಿನ ಉದ್ದದಲ್ಲಿ ಮೊದಲ ಎರಡು ಪಾಲು ಎಣ್ಣೆ, ಕೊನೆಯ ಮೂರನೇ ಪಾಲು ಒಣವಂತೆ.

"ಹೊಳೆಯೋ ಚೆಂಡು ಎಣ್ಣೆ ಮೇಲೆ ಜಾರ್ಕೊಂಡೇ ಹೋಗುತ್ತೆ. ಮುಂಚೆ ನಿಮ್ಮ ಅತ್ತೆಯಮ್ಮನ ಕೈಯಲ್ಲಿ ತಿರುಗಿಸೋ ಬಲ ಇತ್ತು, ಕೊನೇಲಿ ಕಚ್ಚಿಕೊಳ್ತಿತ್ತು. ಈಗ ಹೊಸ ಚೆಂಡೇ ಗತಿ."

"ಮೈ ಸ್ವಲ್ಪ ಒರಟು ಮಾಡಿದ್ರೆ?"

ನಾನು ಅಲ್ಲಿರುವುದೇ ಈಗ ಗೊತ್ತಾದವನ ಹಾಗೆ ನೋಡಿದ. "ಬೇಗ ಹಿಡೀಬಹುದು, ಬೇಗ ತಿರುಗಬಹುದು. ಆದ್ರೆ ಅಮ್ಮ ಮುಟ್ಟೋಕೆ ಬಿಡ್ತಾರಾ?"

ಅದೇ ಪ್ರಶ್ನೆ.

ಮಾರ್ಚ್ 6, ಗುರುವಾರ

ಬಿಡಲಿಲ್ಲ.

ಅತ್ತೆ ಪ್ರತಿ ಭಾನುವಾರ ಚೆಂಡಿಗೆ ಪಾಲಿಷ್ ಹಚ್ಚಿ, ಮುಖ ಕಾಣುವಷ್ಟು ಮಿರಿಮಿರಿ ಮಾಡಿ, ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಡುತ್ತಾರೆ. ವಿಷಯ ಎತ್ತಿದ್ದೇ ತಡ, "ಹಲ್ಲು ಉಜ್ಜೋ ಕೈ ನನ್ನ ಚೆಂಡಿಗೆ ಬೇಡ" ಎಂದರು. ನನ್ನವರು ಪೇಪರನ್ನು ಗೋಡೆಯ ಹಾಗೆ ಎತ್ತಿಕೊಂಡರು. ತಾಯಿ-ಹೆಂಡತಿ ಮಧ್ಯೆ ಹತ್ತೊಂಬತ್ತು ವರ್ಷದಿಂದ ಅದೇ ಗೋಡೆ.

ವಾದ ಬೆಳೆಸದೆ ತಟ್ಟೆ ತೊಳೆಯಲು ಹೋದೆ. ಆದರೆ ಹೇಳಬೇಕಾದದ್ದು ಹೇಳಿದೆ, ಅಷ್ಟು ಸಾಕು.

ಮಾರ್ಚ್ 16, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಮೊನ್ನೆ 112, ನಿನ್ನೆ 109.

ಇವತ್ತು ಬೆಳಿಗ್ಗೆ ಅತ್ತೆ ಚೆಂಡನ್ನು ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. "ಮಾಡು. ಕೆಟ್ಟುಹೋದ್ರೆ..." ಮೂವತ್ತು ವರ್ಷ ಹೆಡ್ ನರ್ಸ್ ಆಗಿ ವಾರ್ಡನ್ನೇ ನಡುಗಿಸಿದವರು. ಯಾರನ್ನಾದರೂ ಏನಾದರೂ ಕೇಳಿಕೊಂಡದ್ದು ನಾನು ನೋಡಿಲ್ಲ.

ಉತ್ಸಾಹದಲ್ಲಿ ಐನೂರನೇ ನಂಬರಿನ ಉಜ್ಜುವ ಪ್ಯಾಡ್ ಹಿಡಿದೆ. ನಂಬರ್ ಸಣ್ಣದಾದಷ್ಟು ಒರಟು. ಒದ್ದೆ ಮಾಡಿ ಉಜ್ಜಿದೆ. ಹೊಳಪು ಹೋಗಿ ಚೆಂಡು ಸೀಮೆಸುಣ್ಣ ಬಳಿದ ಹಾಗಾಯಿತು. ಅತ್ತೆ ಕೋಣೆಯಿಂದ ಎದ್ದು ಹೋದರು.

ಸಂಜೆ ಎಸೆದರು. ಅರ್ಧ ದಾರಿಯಲ್ಲೇ ತಿರುಗಿಬಿಟ್ಟಿತು. ಪಿನ್ ತಲುಪುವಾಗ ಸುಸ್ತಾಗಿ, ಎಡಗಡೆಯ ನಾಲ್ಕನ್ನು ಬೀಳಿಸಿತು. ಹತ್ತು ಸಲವೂ ಹಾಗೇ.

"ನನ್ನ ಚೆಂಡನ್ನ ಕೊಂದೆ ನೀನು," ಎಂದರು ಕಾರಿನಲ್ಲಿ.

ನನಗೆ ಮಾತ್ರ ಒಳಗೊಳಗೇ ಖುಷಿ. ತಿರುಗೆನೆಂದು ಹಟ ಹಿಡಿದ ಚೆಂಡು ತಿರುಗಿತಲ್ಲ. ಇನ್ನು ಎಷ್ಟು ಅನ್ನುವುದಷ್ಟೇ ಲೆಕ್ಕ. ಅದು ನನ್ನ ಬೆರಳಿಗೆ ಗೊತ್ತು.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ 6

ಮೊದಲು ಸಾವಿರದ ಪ್ಯಾಡ್, ಮೇಲೆ ಎರಡು ಸಾವಿರದ್ದು. ಆರು ಮಗ್ಗುಲು, ಎಲ್ಲ ಕಡೆಗೂ ಒಂದೇ ಒತ್ತು. ಒಂದು ಕಡೆ ಹೆಚ್ಚಾದರೆ ಇಡೀ ಚೆಂಡು ಹಾಳು. "ಒಂದೊಂದಕ್ಕೆ ಒಂದು ನಿಮಿಷ," ಎಂದು ನನಗೆ ನಾನೇ ಹೇಳಿಕೊಂಡದ್ದು ಅತ್ತೆಗೆ ಕೇಳಿಸಿತು. ಬಂದು ಎದುರು ಕೂತರು. ವಾಚ್ ನೋಡುತ್ತ, ನಾಡಿ ಎಣಿಸುವವರ ಹಾಗೆ — "ಆಯ್ತು. ತಿರುಗಿಸು." ಮತ್ತೆ, "ಆಯ್ತು. ತಿರುಗಿಸು." ಎಡಗೈಯಲ್ಲಿ ಚೆಂಡು ಅಲುಗದಂತೆ ಹಿಡಿದಿದ್ದರು.

ಕಣ್ಣು ಮುಚ್ಚಿ ಬೆರಳಾಡಿಸಿದೆ. ರೇಷ್ಮೆಯಲ್ಲ, ಖಾದಿಯೂ ಅಲ್ಲ. ನಡುವಿನದು.

ಸಂಜೆ

158. ಅತ್ತೆ ಊಟಕ್ಕೆ ಎರಡು ಸಲ ಬಡಿಸಿಕೊಂಡರು.

ಮಾರ್ಚ್ 22, ಶನಿವಾರ

ಒಂದೂ ಮರೆಯುವ ಮುಂಚೆ ಬರೆದುಬಿಡುತ್ತೇನೆ.

ಮೊದಲ ಆಟ 151. ಎರಡನೆಯದು 163. ಇನ್ನು ಬೇಕಾದದ್ದು 166. ಮೂರನೆಯ ಆಟಕ್ಕೆ ಬರುವಷ್ಟರಲ್ಲಿ ಅಷ್ಟು ಜನರ ಚೆಂಡು ಉರುಳಿ ಅತ್ತೆಯ ಚೆಂಡು ಹೋಗುವ ದಾರಿಯ ಎಣ್ಣೆಯೆಲ್ಲ ಒರಸಿಹೋಗಿತ್ತು. ನಮ್ಮ ಚೆಂಡು ಬೇಗ ತಿರುಗತೊಡಗಿತು. ಮೊದಲ ಎಸೆತಕ್ಕೆ ಐದು. ಮುಂದಿನ ಸರದಿಯ ಮೊದಲ ಎಸೆತಕ್ಕೆ ಆರು.

ಅತ್ತೆ ಬೆಂಚಿಗೆ ಬಂದು ದನಿ ತಗ್ಗಿಸಿ ಹೇಳಿದರು: "ಬ್ಯಾಗ್‌ನಲ್ಲಿ ಪಾಲಿಷ್ ಇದೆ. ಟವೆಲ್ ಅಡಿಯಲ್ಲಿ ಎರಡು ಸಲ ಒರೆಸಿಕೊಡು. ಯಾರೂ ನೋಡಲ್ಲ."

"ಆಟ ಶುರುವಾದ್ಮೇಲೆ ಚೆಂಡಿನ ಮೈ ಬದಲಾಯಿಸೋ ಹಾಗಿಲ್ಲ ಅತ್ತೆ."

"ನಂಗೂ ಗೊತ್ತು. ನನ್ನ ಜಾಗ ಹೋಗುತ್ತೆ ಕಣೇ."

"ಹೋದ್ರೆ ಹೋಗ್ಲಿ. ಮುಚ್ಚಿಟ್ಟು ಮಾಡೋ ಕೆಲಸ ನಾನು ಮಾಡಲ್ಲ." ಈ ಮಾತು ಹೇಗೆ ಬಂತೋ. ಹತ್ತೊಂಬತ್ತು ವರ್ಷದಲ್ಲಿ ಅವರಿಗೆ ಎದುರಾಡಿದ್ದೇ ಇಲ್ಲ. ಅಲ್ಲಿಗೇ ನಿಲ್ಲಿಸಲೂ ಇಲ್ಲ ನಾನು. "ಚೆಂಡು ಸರಿಯಾಗೇ ಇದೆ. ನೀವು ಎಡಕ್ಕೆ ಎರಡು ಹಲಗೆ ಸರ್ಕೊಳ್ಳಿ. ಅಲ್ಲಿ ಇನ್ನೂ ಎಣ್ಣೆ ಇದೆ."

ಅತ್ತೆ ನನ್ನನ್ನೇ ನೋಡಿದರು. ವಾರ್ಡಿನ ನೋಟ. ಆಮೇಲೆ ಹೋಗಿ, ಎರಡು ಹಲಗೆ ಎಡಕ್ಕೆ ನಿಂತರು.

ಹತ್ತೂ ಪಿನ್.

ಮುಂದಿನದಕ್ಕೂ ಹತ್ತು. 179ಕ್ಕೆ ಮುಗಿಸಿದರು. ಒಟ್ಟು 493. ಕ್ಯಾಪ್ಟನ್ ಕೈ ಕುಲುಕಲು ಬಂದರೆ, ಅತ್ತೆ ಕೈ ಕೊಡದೆ ಚೆಂಡು ಕೊಟ್ಟರು. "ಮುಟ್ಟಿ ನೋಡಿ. ಇವಳು ಉಜ್ಜಿದ್ದು." ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು. ಮೆಕ್ಯಾನಿಕ್ ಎರಡು ಸಲ.

ನನ್ನ ಹಲ್ಲುಗಳು ಯಾರ್ಯಾರದೋ ಬಾಯಲ್ಲಿವೆ. ಯಾರು ಮಾಡಿದ್ದೆಂದು ಒಬ್ಬರೂ ಕೇಳಿಲ್ಲ. ಇವತ್ತು ಅತ್ತೆ ಇಪ್ಪತ್ತು ಜನರ ಮುಂದೆ ನನ್ನ ಕಡೆ ಬೆರಳು ತೋರಿಸಿದರು. ಎದೆ ಉಬ್ಬಿತು. ಉಬ್ಬಲಿ, ಯಾರಿಗೇನು.

ಮಾರ್ಚ್ 27, ಗುರುವಾರ

ಲೇನ್ ಖಾಲಿ ಇತ್ತು. ಅತ್ತೆ ಚೆಂಡನ್ನು ನನ್ನ ಕೈಗಿಟ್ಟರು. "ಒಂದು ಹಾಕು."

"ನಂಗೆ ಬರಲ್ಲ."

"ನಂಗೂ ಹುಟ್ಟುತ್ತಲೇ ಬಂದಿರಲಿಲ್ಲ."

ಯಾವ ಬೆರಳು ಯಾವ ತೂತಿಗೆ ಅನ್ನುವುದನ್ನೂ ಅವರೇ ಹಿಡಿದು ತೋರಿಸಿದರು. ಭಾರ. ನಾಲ್ಕು ಹೆಜ್ಜೆ ಹಾಕಿ ಬಿಟ್ಟೆ. ಚೆಂಡು ಬಲಕ್ಕೆ ಹೋಯಿತು... ಹೋಗುತ್ತಲೇ ಇತ್ತು. ಲೇನ್ ಪಕ್ಕದ ಕಾಲುವೆಗೆ ಬಿತ್ತೆಂದು ಮುಖ ತಿರುಗಿಸಿದೆ.

"ಅಲ್ಲೇ ನೋಡು," ಎಂದರು ಹಿಂದಿನಿಂದ. "ಈಗ ತಿರುಗುತ್ತೆ."

ನೋಡಿದೆ. ಅಂಚಿಗೆ ಒಂದು ಬೆರಳಿನಷ್ಟು ಉಳಿದಿತ್ತು. ಅಷ್ಟರಲ್ಲಿ ಚೆಂಡು ಎಡಕ್ಕೆ ತಿರುಗಿತು.