ಪವಿತ್ರ ಉಂಡಳೇ ಎಂದು ಕೇಳಿದ್ದು ಊರಿಗೆಲ್ಲ ಕೇಳಿಸಿತು

ಮಾನ್ಯ ನಿರ್ದೇಶಕರೇ,

ನಮ್ಮ ಮಹಿಳಾ ನೆರವು ಸಂಸ್ಥೆಯ ಸಾಮಾಜಿಕ ಜಾಲತಾಣದ ಪುಟವನ್ನೂ, ಸಿಬ್ಬಂದಿ ಒಳಗೊಳಗೇ ಮಾತಾಡಿಕೊಳ್ಳುವ ಕಚೇರಿಯ ಆ್ಯಪನ್ನೂ ತಾವು ಒಂದಕ್ಕೊಂದು ಜೋಡಿಸಿದಿರಿ. ಅದರಿಂದಾಗಿ ಒಬ್ಬ ಹುಡುಗಿ ಅಡಗಿದ್ದ ಊರೂ ಆ ಮನೆಯವಳ ಹೆಸರೂ ಅವಳನ್ನು ಹೊಡೆದವನಿಗೇ ಗೊತ್ತಾಯಿತು. ನನಗೆ ಭಯವಾಗಿದೆ. ಇದನ್ನು ಆ್ಯಪಿನಲ್ಲಿ ಬರೆಯುವ ಧೈರ್ಯವಿಲ್ಲದೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಇಲ್ಲಿ ಬರೆದದ್ದನ್ನು ಎಲ್ಲರೂ ಓದುತ್ತಾರೆಂದು ಮೊದಲೇ ಗೊತ್ತಿರುತ್ತದಲ್ಲ.

ಜೋಡಣೆಯ ದಿನ ತಾವು ಕಳಿಸಿದ ಸುತ್ತೋಲೆ ಸೊಗಸಾಗಿತ್ತು. ಜನ ಪುಟದಲ್ಲಿ ಬರೆದದ್ದು ನೇರ ನಮ್ಮ ಆ್ಯಪಿಗೆ ಬರುತ್ತದೆ, ಸ್ಪಂದನೆ ಚುರುಕಾಗುತ್ತದೆ ಎಂದಿತ್ತು. ಜನರ ಆ ಬರಹಗಳ ಕೆಳಗೆ ನಾವು ಆ್ಯಪಿನಲ್ಲಿ ಬರೆದದ್ದೂ ಹಾಗೇ ವಾಪಸು ಪುಟಕ್ಕೆ ಹೋಗಿ ಜಗತ್ತಿಗೆಲ್ಲ ಕಾಣುತ್ತದೆ ಎಂಬ ಸಾಲು ಮಾತ್ರ ಇರಲಿಲ್ಲ. ಅಷ್ಟು ಸಣ್ಣ ವಿಷಯವನ್ನು ಬೆಟ್ಟದ ಮೇಲೆ ಕೆಲಸ ಮಾಡುವ ನಮ್ಮಂಥ ಹೆಂಗಸರಿಗೆ ಯಾಕೆ ಹೇಳಬೇಕು, ಅಲ್ಲವೇ?

ಪವಿತ್ರ ಜಮೀನುಳ್ಳವರ ಮನೆಯ ಮಗಳು. ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಊರಿನ ಹೆಸರು ಬದಲಿಸಿಲ್ಲ, ಅದಂತೂ ಹುಡುಕಿ ಬಂದವರಿಗೆ ಗೊತ್ತೇ ಆಗಿದೆ. ಬೇಡದ ಮದುವೆಗೆ ಒಲ್ಲೆ ಎಂದದ್ದಕ್ಕೆ ಅವಳ ಅಣ್ಣ ಅವಳ ಕೈ ಮುರಿದ. ತಿಗನಾರೆಯ ಕೂಲಿಯವರ ಬೀದಿಯಲ್ಲಿ, ನನ್ನ ದೊಡ್ಡವ್ವ ಚೌಡಮ್ಮನ ಮನೆಯಲ್ಲಿ ಅವಳನ್ನು ಇರಿಸಿದ್ದೆವು. ಅಂಥ ಮನೆಯ ಹುಡುಗಿಯನ್ನು ಆ ಬೀದಿಯಲ್ಲಿ ಯಾರೂ ಹುಡುಕಲಾರರು ಎಂದುಕೊಂಡಿದ್ದೆವು. ಒಂದು ಬೆಳಿಗ್ಗೆ, ತಂಗಿ ಕಾಣಿಸುತ್ತಿಲ್ಲ, ತಿಳಿದವರು ಹೇಳಿ ಎಂಬ ಅಣ್ಣನ ತಮಿಳು ಬರಹ ಪುಟದಿಂದ ನಮ್ಮ ಆ್ಯಪಿಗೆ ಬಂದು ಕೂತಿತು. ನಮ್ಮ ಬೆಟ್ಟ ಇರುವುದು ತಮಿಳುನಾಡಿನಲ್ಲಿ; ಮೇಲಿನವರ ಮಾತು ಕನ್ನಡ, ಬೆಟ್ಟದ ಕೆಳಗಿನ ಸಹೋದ್ಯೋಗಿಗಳೆಲ್ಲ ತಮಿಳಿನವರು. ಸಿಬ್ಬಂದಿಯಲ್ಲಿ ಕನ್ನಡ ಓದಬಲ್ಲವರು ನಾನು, ಪದ್ಮಶ್ರೀ ಇಬ್ಬರೇ. ಹಾಗಾಗಿ ಎಲ್ಲರೆದುರು ಬರೆದರೂ ಕನ್ನಡವೆಂದರೆ ನಮ್ಮಿಬ್ಬರ ಪಿಸುಮಾತು, ಅದೇ ರೂಢಿ. ಆ ಬರಹ ಕಂಡು ಕಳವಳಗೊಂಡ ಪದ್ಮಶ್ರೀ ಅದರ ಕೆಳಗೇ ಬರೆದಳು: "ಅಕ್ಕ, ಪವಿತ್ರ ಉಂಡ್ಳಾ? ನಾಳ ತಿಗನಾರೆಗ ಬರುವಾಗ ಕೈನೋವ್ಗ ಮಾತ್ರೆ ತರ್ತೀನಿ." ನಾನೂ ಬರೆದೆ: "ಉಂಡ್ಳು ಕಣವ್ವ. ಚೌಡಮ್ಮ ದೊಡ್ಡವ್ವ ಉಣ್ಣಿಸ್ದೆ ಬುಟ್ಟಾಳಾ?" ಕೆಳಗಿನವರಿಗೆ ಅರ್ಥವಾಗದ ಆ ಮಾತು ಪುಟದಲ್ಲಿ ಕಂಡರೆ ಬೆಟ್ಟದ ಮೇಲೆ ಯಾರಿಗೆ ಅರ್ಥವಾಗುವುದಿಲ್ಲ, ಹೇಳಿ?

ಮಧ್ಯಾಹ್ನ ದೊಡ್ಡವ್ವ ಫೋನ್ ಮಾಡಿದಳು. "ಬೈಕಲ್ಲಿ ಬಂದವ್ರ ಕಣವ್ವ. ಪೋನ್ ತೋರ್ಸಿ, ಚೌಡಮ್ಮ ಅಂದ್ರ ಯಾರು ಅಂತ ಕೇಳ್ತಾವ್ರ. ಯಾರೂ ಬಾಯ್ ಬುಟ್ಟಿಲ್ಲ." ದನ ಹೊಡೆದುಕೊಂಡು ಹೊರಟಿದ್ದ ಹೆಂಗಸರ ಜೊತೆ ಪವಿತ್ರಳನ್ನೂ ಸೆರಗು ಹೊದಿಸಿ ಹಿತ್ತಲಿನಿಂದ ಕಳಿಸಿದರು. ಮತ್ತೆ ಬರುತ್ತೇವೆ ಎಂದು ಹೇಳಿಯೇ ಆ ಗಂಡಸರು ಹೋದರಂತೆ. ಆ ಬೀದಿಯವರು ಕೂಲಿಗೆ ಹೋಗುವುದು ಅವರ ಹೊಲಗಳಿಗೇ. ಅವರು ಮತ್ತೆ ಬಂದಾಗ ದೊಡ್ಡವ್ವನ ಗತಿ ಏನು? ರಾತ್ರಿ ದಿಂಬಂ ಘಾಟಿಯ ರಸ್ತೆಯಲ್ಲಿ ವಾಹನ ಬಿಡದ ಹೊತ್ತಿನಲ್ಲಿ ಬಂದರೆ ಕೆಳಗಿನಿಂದ ಯಾರು ನೆರವಿಗೆ ಬರುತ್ತಾರೆ, ತಾವೇ? ಬಾಗಿಲು ಸದ್ದಾದರೆ ಈಗ ನಾನು ಮೊದಲು ಕಿಟಕಿಯಿಂದ ಇಣುಕಿ ನೋಡುತ್ತೇನೆ.

ತಮಗೆ ತಿಳಿಸಿದೆ. ಆ ಸಾಲುಗಳನ್ನು ಅಳಿಸಲಾಗಿದೆ, ಸಿಬ್ಬಂದಿ ಎಚ್ಚರ ವಹಿಸಬೇಕು, ಅಂದಹಾಗೆ ಈ ತಿಂಗಳು ಪುಟಕ್ಕೆ ಸ್ಪಂದನೆ ಏರಿದೆ ಎಂದು ಉತ್ತರ ಬಂತು. ಏರದೆ ಏನು ಮಾಡೀತು? ಅವಳ ಅಣ್ಣ ಈಗ ನಮ್ಮ ಪುಟದ ಖಾಯಂ ಓದುಗ. ಮೊನ್ನೆ ತಾವು ಹಾಕಿದ ಹಬ್ಬದ ಶುಭಾಶಯಕ್ಕೆ ಹೃದಯದ ಗುರುತು ಒತ್ತಿದ್ದಾನೆ.

ಈ ಜೋಡಣೆಯನ್ನು ಇಂದೇ ಕಿತ್ತುಹಾಕಿ. ಪರಿಶೀಲಿಸುತ್ತೇವೆ ಎಂಬ ಮಾತು ಬೇಡ. ಆ ಬೀದಿಗೆ ಪೊಲೀಸ್ ಕಾವಲು ಕೇಳಿ, ತಾವೇ ಖುದ್ದಾಗಿ ಬಂದು ಚೌಡಮ್ಮನ ಎದುರು ಕೂತು ಏನಾಯಿತೆಂದು ವಿವರಿಸಿ. ಪವಿತ್ರಳ ಈಗಿನ ವಿಳಾಸವನ್ನು ಆ್ಯಪಿನಲ್ಲಿ ತುಂಬಿ ಎಂದು ನನಗೆ ಮೇಲಿಂದ ಮೇಲೆ ಕಳಿಸುತ್ತಿರುವ ಸೂಚನೆಯನ್ನೂ ನಿಲ್ಲಿಸಿ. ತುಂಬಲು ನನ್ನಲ್ಲಿ ಏನೂ ಇಲ್ಲ. ಆಮೇಲೆ ಬೇರೆ ಊರಿಗೆ ಹೊರಟ ಅವಳನ್ನು ಬಸ್ಸು ಹತ್ತಿಸಲು ಹೋದಾಗ ಅವಳು ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ನೀ ಕೆಟ್ಟೋಳಲ್ಲ ಅಕ್ಕ. ಆದ್ರ ಎಲ್ಗ ಓಯ್ತೀನಿ ಅಂತ ನಿನ್ಗ ಏಳಲ್ಲ."

ಇಂತಿ,
ಯಾರೂ ಗುಟ್ಟು ಹೇಳಲೊಲ್ಲದ, ತಮ್ಮ ಸಂಸ್ಥೆಯ ಒಬ್ಬ ಕಾರ್ಯಕರ್ತೆ
ತಾಳವಾಡಿ ಬೆಟ್ಟ