ಒಗ್ಗಿಹೋದ ಮೆಂತ್ಯ

ಕ್ರಿ.ಶ. ೨೧೭೪, ಹದಿಮೂರನೆಯ ತಿಂಗಳ ಹದಿನೇಳನೆಯ ದಿನ
ಬೂದಗಟ್ಟೆ, ಕಾಲುವೆಯ ಕೊನೆಯ ಊರು

ನೂರೈವತ್ತು ವರ್ಷದ ಹಿಂದೆ ಇದೇ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತಿರುವ ಹಿರಿಯರಿಗೆ ಗಾದಿಲಿಂಗಪ್ಪ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳಿಲ್ಲವೆಂದು ಗೊತ್ತು. ಕಾಲುವೆಯನ್ನು ಒಣಗಲು ಬಿಡುವ ಇಪ್ಪತ್ತು ದಿನಗಳನ್ನು ನಾವು ಬೇರೆ ತೆಗೆದಿಟ್ಟು ಬತ್ತುದಿಂಗಳು ಎನ್ನುತ್ತೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ಕಾಲೇಜಿನಲ್ಲಿ ಎರಡು ವರ್ಷ ನಿಮ್ಮ ಕಾಲದ ಇಂಗ್ಲಿಷ್ ಓದಿದವನು ನಾನು. ಅದರಲ್ಲಿ ಪತ್ರ ಬರೆಯುವ ಪಾಠವೊಂದಿತ್ತು. ‘ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಬೇಕು, ಮುಂದಿನದು ಮರೆತಿದೆ. ಬೆಗ್ ಎಂದರೆ ಬೇಡುವುದು. ಅಷ್ಟು ನೆನಪಿರುವುದು ಈ ಕಾಗದಕ್ಕೆ ಸಾಕು.

ಇದನ್ನು ಹಿಂದಂಚೆಗೆ ಹಾಕುತ್ತೇನೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಕಾಗದ; ಕಾಗದ ಬಿಟ್ಟರೆ ಒಂದು ಸಾಸಿವೆ ಕಾಳೂ ಆ ದಾರಿಯಲ್ಲಿ ಹೋಗುವುದಿಲ್ಲ. ನನ್ನ ಹೆಂಡತಿ ಹಂಪಮ್ಮ ಮೂರು ವರ್ಷದ ಹಿಂದೆ ತೀರಿಕೊಂಡಾಗ, ಮದುವೆಗೆ ಮೊದಲಿನ ಅವಳಿಗೆ ಬರೆಯಬೇಕೆಂದುಕೊಂಡಿದ್ದೆ. ಏನು ಬರೆಯುವುದೆಂದು ಯೋಚಿಸುತ್ತಲೇ ದಿನ ಕಳೆದೆ. ಆ ಒಂದು ಕಾಗದವನ್ನು ಈಗ ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ವಿಷಯ ಸಣ್ಣದಲ್ಲ ಎಂದು ಇದರಿಂದಲೇ ತಿಳಿಯಬೇಕು.

ನಾವು ಕುಡಿಯುವುದು ಆವಿನೀರು. ಊರ ಹೊರಗಿನ ಬಲೆಗೋಪುರ ಗಾಳಿಯಿಂದ ಹಿಂಡಿ ಕೊಡುವ ನೀರು ಅದು. ಮನೆಗೆ ದಿನಕ್ಕೆ ನಾಲ್ಕು ಕೊಡ. ರುಚಿಯಿಲ್ಲ, ಎಷ್ಟು ಕುಡಿದರೂ ದಾಹ ತೀರುವುದಿಲ್ಲ. ಊರ ನಡುವೆ ನಿಮ್ಮ ಕಾಲದ ಸೇದುವ ಬಾವಿಯೊಂದಿದೆ. ಬಾಯಿಗೆ ಕಲ್ಲುಚಪ್ಪಡಿ ಎಳೆದು ತೊಂಬತ್ತು ವರ್ಷವಾಯಿತು. ಗದ್ದೆಯ ಕಳೆ ಸಾಯಲೆಂದು ನೀವು ಹೊಡೆದದ್ದೆಲ್ಲ ಬಸಿದು ಅಲ್ಲಿಗೇ ಇಳಿದಿದೆ ಎಂಬುದು ನಮ್ಮ ಹಿರಿಯರ ಮಾತು. ನೀವು ಅದನ್ನು ಎಣ್ಣೆ ಎನ್ನುತ್ತಿದ್ದಿರಂತೆ, ಔಷಧಿ ಎಂದೂ ಕರೆಯುತ್ತಿದ್ದಿರಂತೆ. ಯಾರ ಕಾಯಿಲೆಗೆ ಔಷಧಿ ಎಂದು ನಾನು ಕೇಳುವುದಿಲ್ಲ.

ಬಾವಿಯ ನೀರು ತಿಳಿಯಾಯಿತೇ ಎಂದು ನೋಡಲು ಎಂಬತ್ತು ವರ್ಷದಿಂದ ಸಾಕ್ಷಿ ಇಡುವ ಪದ್ಧತಿಯಿದೆ. ಪ್ರತಿ ಬತ್ತುದಿಂಗಳಲ್ಲಿ ಚಪ್ಪಡಿಯ ಕಿಂಡಿಯಿಂದ ಒಂದು ಚೆಂಬು ಬಾವಿನೀರು ಸೇದಿ, ತಟ್ಟೆಯಲ್ಲಿ ನಲವತ್ತು ಮೆಂತ್ಯದ ಕಾಳು ಹರಡಿ, ಏಳು ದಿನ ನೆನೆಸುತ್ತೇವೆ. ನೀರಿನಲ್ಲಿ ವಿಷವಿದ್ದರೆ ಮೊಳಕೆ ಮುದುಡುತ್ತದೆ. ಅಕ್ಕಿ ತೊಳೆದ ನೀರಿಗೂ ಸಂತೆಯಿಂದ ತಂದ ಸೊಪ್ಪು ತೊಳೆದ ನೀರಿಗೂ ಇದೇ ಪರೀಕ್ಷೆ. ಊರ ಸಾಕ್ಷಿ ಕಾಯುವ ಕೆಲಸ ಹಂಪಮ್ಮನ ತವರಿನಿಂದ ಅವಳ ಜೊತೆ ನಮ್ಮ ಮನೆಗೆ ಬಂತು. ನೆಟ್ಟಗೆ ನಿಂತ ಮೊಳಕೆಗಳಿಗೆ ಅವಳು ಅರಿಶಿನದ ನೀರು ಚಿಮುಕಿಸಿ, ಹಿತ್ತಿಲಲ್ಲಿ ನೆಟ್ಟು, ಮುಂದಿನ ವರ್ಷದ ಸಾಕ್ಷಿಗೆ ಬೀಜ ಮಾಡಿಕೊಳ್ಳುತ್ತಿದ್ದಳು. ಮುದುಡಿದವನ್ನು ತಿಪ್ಪೆಗೆ ಹಾಕುತ್ತಿದ್ದಳು. ಅವಳ ಅವ್ವ ಮಾಡಿದ್ದೂ ಹಾಗೆಯೇ, ಅಜ್ಜಿ ಮಾಡಿದ್ದೂ ಹಾಗೆಯೇ. ‘ಈ ಸಲ ಏಳೇ ಮುದುಡ್ಯಾವ ನೋಡ್ರಿ, ಹೋದ ಸಲ ಹನ್ನೊಂದಿದ್ವು’ ಎಂದು ಅವಳು ತಟ್ಟೆ ಹಿಡಿದು ಬಂದರೆ ನಾನೂ ಹಿಗ್ಗುತ್ತಿದ್ದೆ. ಅವಳು ಹೋದ ಮೇಲೆ ಸಾಕ್ಷಿ ಕಾಯುವುದೂ, ನೀರು ಹೇಗಿದೆಯೆಂದು ಊರಿನ ಲೆಕ್ಕಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವುದೂ ನನ್ನ ಪಾಲಿಗೆ ಬಂತು.

ಈ ವರ್ಷ ಒಂದೂ ಮುದುಡಲಿಲ್ಲ. ನಲವತ್ತಕ್ಕೆ ನಲವತ್ತೂ ನೆಟ್ಟಗೆ ನಿಂತವು. ಊರು ಕುಣಿದಾಡಿತು. ಚಪ್ಪಡಿ ಸರಿಸುವುದಕ್ಕೆ ನಾಳೆ ಬೆಳಿಗ್ಗೆ ಮುಹೂರ್ತ ಇಟ್ಟಿದ್ದಾರೆ.

ನಾನು ಮಾತ್ರ ತಟ್ಟೆಯ ಮುಂದೆ ಕೂತುಬಿಟ್ಟೆ. ಎಂಬತ್ತು ವರ್ಷ ನಾವು ಮಾಡಿದ್ದೇನು? ನಿಜ ಹೇಳಿದ ಕಾಳನ್ನು ತಿಪ್ಪೆಗೆಸೆದೆವು, ಸಹಿಸಿಕೊಂಡ ಕಾಳನ್ನು ಅರಿಶಿನ ಹಾಕಿ ಬಿತ್ತಿದೆವು. ತಿಳಿಯಾದದ್ದು ಬಾವಿಯೋ, ವಿಷಕ್ಕೆ ಒಗ್ಗಿಹೋದದ್ದು ನಮ್ಮ ಮೆಂತ್ಯವೋ?

ನನ್ನ ಗದ್ದೆಯ ಬದುವಿನಲ್ಲಿ ಹಿಂದೆ ಸಿಕ್ಕ ನಿಮ್ಮ ಕಾಲದ ಡಬ್ಬಿಯೊಂದು ಮನೆಯಲ್ಲಿತ್ತು. ತಳದಲ್ಲಿ ಅಂಟಿನಂಥದ್ದು ಉಳಿದಿತ್ತು. ಅದನ್ನು ಆವಿನೀರಿನಲ್ಲಿ ಕದಡಿ ನಲವತ್ತು ಕಾಳು ನೆನೆಹಾಕಿದೆ. ಏಳನೆಯ ದಿನ ಅವೂ ಸಿಪಾಯಿಗಳ ಹಾಗೆ ನಿಂತಿದ್ದವು. ತಟ್ಟೆಯನ್ನು ಹಾಗೆಯೇ ಹಿಡಿದುಕೊಂಡು ನೀರುಕಟ್ಟೆಗೆ ಹೋದೆ. ಅಲ್ಲಿ ಊರಿನ ನೀರಿನ ಯಜಮಾನಿಕೆ ಶೇಕಮ್ಮನದು. ಹಂಪಮ್ಮನ ತಂಗಿ, ಹಾಗಾಗಿ ನನಗೆ ನಾದಿನಿ.

‘ಭಾವ, ನಿಮ್ಮ ಡಬ್ಬಿಯೊಳಗಿನ ವಿಷ ನಿಮಗಿಂತ ಮುದಿ ಆಗೇತಿ’ ಎಂದಳು. ‘ನಿಮಗ ಹಲ್ಲಿಲ್ಲ, ಅದಕ್ಕೆಲ್ಲಿಂದ ಬರಬೇಕು?’ ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ‘ಅಕ್ಕ ಹೋದ ಮ್ಯಾಲೆ ನಿಮಗ ಎಲ್ಲದರ ಮ್ಯಾಲೂ ಅನುಮಾನ. ಹೆಬ್ಬೆಟ್ಟು ಒತ್ತಿದ್ರ ಒತ್ರಿ, ಇಲ್ಲಾಂದ್ರ ಊರು ಕೈ ಎತ್ತಿ ಬಾವಿ ತೆಗಿತೈತಿ.’

ಅವಳ ಮಾತಿನಲ್ಲಿ ನಿಜವೂ ಇರಬಹುದು. ಸತ್ತಿರುವುದು ವಿಷವೋ ಸಾಕ್ಷಿಯೋ ಹೇಳುವುದಕ್ಕೆ ನನ್ನ ಹತ್ತಿರ ಬೇರೆ ಕಾಳಿಲ್ಲ. ಸುತ್ತ ಹತ್ತೂರಿನ ಮೆಂತ್ಯವೆಲ್ಲ ನಮ್ಮ ಹಿತ್ತಿಲಿನಿಂದಲೇ ಹೋದದ್ದು. ಪಟ್ಟಣದಲ್ಲಿ ನೀರು ನೋಡುವ ಯಂತ್ರವಿದೆ. ಆದರೆ ಅದು ಹೆಸರು ಹೇಳಿದ ವಿಷವನ್ನಷ್ಟೇ ಹುಡುಕುತ್ತದೆ, ಮತ್ತು ನನ್ನ ಡಬ್ಬಿಯ ಮೇಲೆ ಹೆಸರಿದ್ದ ಜಾಗವೇ ಹರಿದಿದೆ. ಹರಿದದ್ದು ಮಣ್ಣೋ ನೀವೋ ಗೊತ್ತಿಲ್ಲ. ಉಳಿದಿರುವುದು ಒಂದೇ ಸಾಲು: ‘ಸೇಫ್ ವೆನ್ ಯೂಸ್ಡ್ ಆಸ್ ಡೈರೆಕ್ಟೆಡ್’. ಹೇಳಿದ ಹಾಗೆ ಬಳಸಿದರೆ ಸುರಕ್ಷಿತ ಎಂದು ಅರ್ಥ ಹಚ್ಚಿದ್ದೇನೆ. ಹೇಳಿದವರು ಯಾರು, ಓದಿಕೊಂಡವರು ಎಷ್ಟು ಜನ? ನೀವು ಓದಿದ್ದಿರಾ? ಮುಚ್ಚಳದ ಅಳತೆಯಲ್ಲಿ ಹಾಕಿದ್ದಿರಾ, ಕೈ ಅಂದಾಜಿನಲ್ಲಿ ಸುರಿದಿದ್ದಿರಾ? ಡಬ್ಬಿ ತೊಳೆದದ್ದು ಯಾವ ನೀರಿನಲ್ಲಿ?

ಹಂಪಮ್ಮ ಹೋದದ್ದು ಮೂತ್ರಪಿಂಡ ಕೆಟ್ಟು. ವರ್ಷವರ್ಷವೂ ಆ ನೀರಿನಲ್ಲಿ ಕೈಯಾಡಿಸಿದವಳು ಅವಳು. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಹೇಳುವಷ್ಟು ನನಗೆ ತಿಳಿಯದು. ಇಲ್ಲ ಎಂದ ವೈದ್ಯರು ನನ್ನ ಮುಖ ನೋಡದೆ ಹೇಳಿದರು, ಅಷ್ಟು ಬಲ್ಲೆ.

ಹೆರಿಗೆಗೆಂದು ಮಗಳು ಹುಲಿಗೆಮ್ಮ ಮನೆಗೆ ಬಂದಿದ್ದಾಳೆ. ಐದು ತಿಂಗಳು. ‘ಅಪ್ಪಾ, ಆವಿನೀರು ಕುಡದು ಕುಡದು ನಾಲಿಗಿ ಸತ್ತೈತಿ. ನಾಳೆ ಮೊದಲನೇ ಚೆಂಬು ನಂದ’ ಎನ್ನುತ್ತಾಳೆ. ಬೇಡ ಎಂದೆ. ‘ಅವ್ವನ ಮೆಂತ್ಯ ಹೌದು ಅಂದೈತಿ. ಅಲ್ಲ ಅನ್ನಾಕ ನೀ ಯಾರು?’ ಎಂದುಬಿಟ್ಟಳು. ಅವಳ ಅವ್ವನ ಕೈತಪ್ಪು ಇದು ಎಂದು ಬಸುರಿಯ ಮುಂದೆ ನಾನು ಹೇಗೆ ಹೇಳಲಿ? ಹೇಳಿದರೂ ನಂಬುತ್ತಾಳೆಯೇ?

ಆದ್ದರಿಂದ ಐ ಬೆಗ್. ನಿಮ್ಮ ಸುತ್ತಮುತ್ತ ಎಣ್ಣೆ ಸೋಕದ ಒಂದು ಮೂಲೆ ಇನ್ನೂ ಉಳಿದಿದ್ದರೆ, ಅಲ್ಲಿ ಒಂದು ಹಿಡಿ ಮೆಂತ್ಯ ಬಿತ್ತಿ. ಬೀಜ ಹೂತಿಟ್ಟರೆ ಸಾಯುತ್ತದೆ. ಎರಡು ವರ್ಷಕ್ಕೊಮ್ಮೆ ಬೆಳೆದು ಹೊಸದು ಮಾಡಬೇಕು. ಬೀಜ ಹಿಡಿಯುವಾಗ ಗಟ್ಟಿ ಗಿಡ, ಬಡಕಲು ಗಿಡ ಎಂದು ಆರಿಸಬೇಡಿ. ನನಗೆ ಬೇಕಾದದ್ದು ಬಡಕಲೇ. ಮಗಳಿಗೋ ಸೊಸೆಗೋ ಕೈಗಿಟ್ಟು, ಅವರು ಅವರ ಮಕ್ಕಳಿಗೆ ಕೊಡುವ ಹಾಗೆ ಮಾಡಿ. ಜೊತೆಗೊಂದು ಚೀಟಿಯಲ್ಲಿ ನೀವು ಯಾವ ಯಾವ ಎಣ್ಣೆ, ಎಷ್ಟು, ಯಾವ ಗದ್ದೆಗೆ ಹೊಡೆದಿರೋ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿಡಿ. ಬೈಯುವುದಕ್ಕಲ್ಲ, ಯಂತ್ರಕ್ಕೆ ಹೇಳುವುದಕ್ಕೆ. ಬೀಜ ಕೊನೆಗೆ ಯಾರ ಕೈಯಲ್ಲಿರುತ್ತದೋ ಅವರು ಈ ಬತ್ತುದಿಂಗಳ ಹದಿನೆಂಟನೆಯ ದಿನದ ಬೆಳಿಗ್ಗೆಯೊಳಗೆ ಬೂದಗಟ್ಟೆಯ ಬಾವಿಗೆ ತರಬೇಕು. ತಂದರೆ, ಇನ್ನು ಏಳು ದಿನ ಚಪ್ಪಡಿ ಸರಿಸದ ಹಾಗೆ ನಾನು ಅದರ ಮೇಲೆಯೇ ಕೂರುತ್ತೇನೆ. ಶೇಕಮ್ಮ ನಗಲಿ.

ಕಾಗದ ಇಂದು ನಿಮಗೆ ಮುಟ್ಟಿದರೆ, ನಿಮಗೆ ನೂರೈವತ್ತು ವರ್ಷ ಸಮಯವಿದೆ. ನನಗಿರುವುದು ಒಂದು ಹಗಲು. ಬರೆಯುತ್ತಾ ಆಗಾಗ ಎದ್ದು ಊರ ದಾರಿ ನೋಡಿ ಬರುತ್ತಿದ್ದೇನೆ. ಈಗ ಅಲ್ಲಿ ಯಾರೂ ಇಲ್ಲ. ಕಾಗದವನ್ನು ನಾನಿನ್ನೂ ಅಂಚೆಗೆ ಹಾಕಿಲ್ಲವಲ್ಲ, ಅದಕ್ಕೇ ಇರಬೇಕು.